ಓಂಕಾರಮೂರ್ತಿಯ ಬಾಯಿ, ಮಾರಣ್ಣನ ಗಂಟಲು

ಶುಂಠಿ, ಜೇನುತುಪ್ಪ, ಕಾಳುಮೆಣಸು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ. ಇದನ್ನು ತಿಂಗಳುಗಟ್ಟಲೆ ನುಂಗಿದವನು ನಾನು. ಗಂಡಸಿನ ದನಿ ಬರಲಿ ಎಂಬ ಆಸೆಯಿಂದ.

ಚಳ್ಳಕೆರೆಯ ಒಂದು ವೇಬ್ರಿಡ್ಜಿನಲ್ಲಿ ನನಗೆ ಕೆಲಸ. ಲಾರಿ ಬಂದು ನಿಲ್ಲುತ್ತದೆ, ನಾನು ಗುಂಡಿ ಒತ್ತುತ್ತೇನೆ, ತೂಕದ ಚೀಟಿ ಬರುತ್ತದೆ. ದೇಶಕ್ಕೆ ನನ್ನಿಂದ ಆಗುತ್ತಿರುವುದು ಇಷ್ಟೇ. ನಡುವೆ ಯಾವಾಗಲಾದರೂ ‘ಸ್ವಲ್ಪ ಹಿಂದಕ್ಕೆ ತಗಳಣ್ಣಾ’ ಎಂದು ಕೂಗಿದರೆ, ಡ್ರೈವರುಗಳು ಎಂಜಿನ್ನಿನಲ್ಲಿ ಏನೋ ಕಿರ್ರೆನ್ನುತ್ತಿದೆ ಎಂದುಕೊಂಡು ಇಳಿದು ಬಾನೆಟ್ ಎತ್ತಿ ನೋಡುತ್ತಾರೆ. ನನ್ನ ದನಿ ಅಂಥದ್ದು.

ಇಂಥವನು ಗೃಹರಕ್ಷಕ ದಳಕ್ಕೆ ಸೇರಿದ್ದು ಖಾಕಿ ಹಾಕಿಕೊಂಡರೆ ಎದೆ ಅಗಲವಾಗಬಹುದು ಎಂದು. ಅಗಲವಾದದ್ದು ಅಂಗಿ ಮಾತ್ರ, ಒಳಗೆ ಇನ್ನೊಬ್ಬನಿಗೂ ಜಾಗವಿತ್ತು. ಊರು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಾದ್ದರಿಂದ ನನ್ನನ್ನು ಮೊಳಕಾಲ್ಮೂರಿನ ಘಟಕಕ್ಕೆ ಹಾಕಿದರು. ನಮ್ಮ ಪೈಕಿ ಯಾರೂ ಪೊಲೀಸರಲ್ಲ. ಒಬ್ಬ ನೇಯುತ್ತಾನೆ, ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾನೆ. ಚುನಾವಣೆ, ಪರೀಕ್ಷೆ, ಪ್ರವಾಹ ಎಂದು ಕರೆ ಬಂದಾಗ ಖಾಕಿ ತೊಟ್ಟು ಬಂದು ನಿಲ್ಲುತ್ತೇವೆ.

ಮೊದಲ ಕವಾಯತಿನ ದಿನ ನಾನು ಕೊನೆಯ ಸಾಲಿನಲ್ಲಿದ್ದೆ. ನಮಗೆ ಎದುರಾಗಿ ಘಟಕಾಧಿಕಾರಿ ಓಂಕಾರಮೂರ್ತಿಯವರು ನಿಂತಿದ್ದರು. ಶೇಂಗಾ ವ್ಯಾಪಾರಸ್ಥರು, ಜಮೀನುದಾರರು, ಕೈಯಲ್ಲಿ ಮಿರಿಮಿರಿ ಮಿಂಚುವ ಪುಟ್ಟ ಬೆತ್ತ, ಎದೆಯ ಮೇಲೆ ಸರ್ಕಾರದ ಪದಕ. ಅವರು ಬಾಯಿ ತೆರೆದರು. ‘ಸಾವ...ಧಾನ್!’ ಮೈದಾನದಂಚಿನ ಹುಣಸೆಮರದಿಂದ ಕಾಗೆಗಳೆಲ್ಲ ಎದ್ದುಹೋದವು. ನನ್ನ ಹೊಟ್ಟೆಯೊಳಗಿನ ಇಡ್ಲಿ ಕೂಡ ಅಟೆನ್ಷನ್ನಿಗೆ ಬಂತು.

ಕವಾಯತು ಮುಗಿದ ಮೇಲೆ ಹೋಗಿ ಅವರ ಕಾಲಿಗೆ ಬಿದ್ದೆ.

‘ಸಾರ್, ಈ ದನಿಗೆ ಏನ್ ತಿಂತೀರಿ?’

ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಗಂಭೀರವಾಗಿ ಶುಂಠಿ, ಜೇನುತುಪ್ಪ, ಕಾಳುಮೆಣಸು ಎಂದರು. ‘ಖಾಲಿ ಹೊಟ್ಟೇಗೆ ತಗಬೇಕು. ನಂಬಿಕೆ ಇಟ್ಟು ತಗಬೇಕು.’

ನಂಬಿಕೆ ಇಟ್ಟೇ ತಗೊಂಡೆ. ದನಿ ಇದ್ದಲ್ಲೇ ಇತ್ತು, ಎದೆಯುರಿ ಮಾತ್ರ ಹೊಸದಾಗಿ ಬಂತು. ಹೀಗಿರುವಾಗ ಒಂದು ಭಾನುವಾರ ಯಾರೋ ಬಂದಿಲ್ಲವೆಂದು ನನ್ನನ್ನು ಮುಂದಿನ ಸಾಲಿಗೆ ತಳ್ಳಿದರು. ಓಂಕಾರಮೂರ್ತಿ ಬಾಯಿ ತೆರೆದರು, ಗುಡುಗು ಬಂತು. ಆದರೆ ಬಂದದ್ದು ಅವರಿಂದಲ್ಲ. ನನಗೆ ಎರಡು ಹೆಜ್ಜೆ ಮುಂದೆ, ನಮ್ಮ ಸಾಲಿಗೂ ಅವರಿಗೂ ನಡುವೆ ನಿಂತಿದ್ದ ಪ್ಲಟೂನ್ ಕಮಾಂಡರ್ ಮಾರಣ್ಣನಿಂದ. ಒಣಗಿದ ಜಾಲಿ ಕಡ್ಡಿಯಂಥ ಮನುಷ್ಯ. ತುಟಿಯನ್ನು ಪೂರ್ತಿ ಮುಚ್ಚುವಂಥ ಮೀಸೆ. ನಾನು ಕತ್ತು ಚಾಚಿ ಇಣುಕುವುದು ಅವನಿಗೆ ಹೇಗೆ ತಿಳಿಯಿತೋ, ತಿರುಗದೆಯೇ ಹೇಳಿದ: ‘ಮುಂದೆ ನೋಡಲೇ. ಸಿನಿಮಾ ಅಲ್ಲ ಇದು.’

ಓಂಕಾರಮೂರ್ತಿಯವರದು ಬಾಯಿ, ಮಾರಣ್ಣನದು ಗಂಟಲು. ಘಟಕದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಶುಂಠಿ ತಿನ್ನುತ್ತಿದ್ದ ನನ್ನೊಬ್ಬನನ್ನು ಬಿಟ್ಟು.

ಮಾರಣ್ಣ ಹುಟ್ಟಿದ್ದು ಮೊಳಕಾಲ್ಮೂರಿನಲ್ಲೇ. ಅಪ್ಪ ಬೇರೆಯವರ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಕೂಲಿ. ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಗ್ಗಗಳು, ಬೆಳಗಿನಿಂದ ಸಂಜೆವರೆಗೆ ಟಕಟಕ. ಅಲ್ಲಿ ನೀರು ಕೇಳಬೇಕೆಂದರೂ ಅರಚಬೇಕು. ಬೇರೆ ಮಕ್ಕಳು ಅರಚಿ ಸುಸ್ತಾಗಿ ಸನ್ನೆ ಮಾಡಲು ಕಲಿತರಂತೆ. ಇವನು ಸನ್ನೆ ಕಲಿಯಲಿಲ್ಲ. ಮಗ್ಗದ ಸದ್ದನ್ನು ಸೋಲಿಸಿದ. ‘ಸಾಲ್ಯಾಗೆ ಮೇಷ್ಟ್ರು ಹಾಜರಿ ಕರೆದ್ರೆ ನಾನು ಮನೇಲಿಂದನೇ ಬಂದೇ ಸಾ ಅಂತಿದ್ದೆ, ಹಾಜರಿ ಬೀಳ್ತಿತ್ತು’ ಎನ್ನುತ್ತಾನೆ. ಇದನ್ನು ನಾನು ನಂಬಿಲ್ಲ, ನೀವೂ ನಂಬಬೇಕಾಗಿಲ್ಲ.

ದೊಡ್ಡವನಾಗಿ ಅವನೂ ಮಗ್ಗದ ಗುಂಡಿಗೆ ಕಾಲಿಳಿಸಿದ. ಮುದ್ದಕ್ಕನನ್ನು ಮದುವೆಯಾದ. ಗೃಹರಕ್ಷಕ ದಳ ಸೇರಿದ, ದನಿಯ ದೆಸೆಯಿಂದ ಬೇಗ ಮೇಲಕ್ಕೆ ಬಂದ. ಅವನ ಇನ್ನೊಂದು ಗುಣವನ್ನೂ ಹೇಳಬೇಕು. ಮಾರಣ್ಣ ಯಾವುದನ್ನೂ ಮರೆಯುವುದಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿ ನಾಗಭೂಷಣ ಒಮ್ಮೆ ಅವನನ್ನು ‘ಡೂಪ್ಲಿಕೇಟ್ ಪೊಲೀಸ್’ ಎಂದು ನಕ್ಕಿದ್ದ. ಅಂದಿನಿಂದ ಮಾರಣ್ಣ ಎದುರಿನ ಅಂಗಡಿಯಲ್ಲೇ ಚಹಾ ಕುಡಿಯುತ್ತಾನೆ. ಅಲ್ಲಿನ ಚಹಾ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ. ಆದರೂ ಕುರ್ಚಿಯನ್ನು ರಸ್ತೆಗೆ ಎಳೆದುಕೊಂಡು, ನಾಗಭೂಷಣನಿಗೆ ಕಾಣುವಂತೆ ಕೂತು, ಒಂದೊಂದು ಗುಟುಕಿಗೂ ‘ಆಹಾ’ ಎನ್ನುತ್ತಾನೆ. ಎಷ್ಟೋ ವರ್ಷಗಳಿಂದ ಇದು ನಡೆದಿದೆ. ನಾಗಭೂಷಣನಿಗೆ ತಾನು ಅಂದದ್ದೇ ಮರೆತುಹೋಗಿದೆ.

ಓಂಕಾರಮೂರ್ತಿಯವರ ಜೊತೆ ಮೊದಮೊದಲು ಮಾರಣ್ಣನಿಗೆ ಜಗಳವೇನೂ ಇರಲಿಲ್ಲ. ಅವರು ಘಟಕಾಧಿಕಾರಿಯಾದ ಹೊಸದರಲ್ಲಿ ಆಗಸ್ಟ್ ಹದಿನೈದರ ಹಿಂದಿನ ದಿನ ಮಾರಣ್ಣನ ಮನೆಗೆ ಬಂದು, ಮಗ್ಗದ ಪಕ್ಕ ಕೂತು, ‘ಮಾರಣ್ಣ, ನನ್ನ ಗಂಟ್ಲು ಏಳಂಗಿಲ್ಲಪ್ಪ. ಆ ಹಿಂದಿ ಪದಗಳೂ ನೆಪ್ಪಿಗೆ ನಿಲ್ಲಂಗಿಲ್ಲ. ನಾಳೆ ಒಂದಿನ ನೀನೇ ಕೂಗಿಬಿಡು. ನಾನು ಬಾಯಿ ಆಡಿಸ್ತೀನಿ’ ಎಂದರಂತೆ. ಘಟಕದ ಮರ್ಯಾದೆ ಹೋಗಬಾರದೆಂದು ಮಾರಣ್ಣ ಒಪ್ಪಿದ. ಮೀಸೆಯನ್ನು ತುಟಿಯ ಮೇಲೆ ಇಳಿಬಿಟ್ಟ. ಒಂದು ದಿನದ್ದು ಅಭ್ಯಾಸವಾಯಿತು.

ಹಗೆ ಹುಟ್ಟಿದ್ದು ಮಳೆಯಲ್ಲಿ. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ, ಅಷ್ಟು ಅಪರೂಪ. ನಾನು ದಳ ಸೇರುವ ಮೊದಲಿನ ಆ ವರ್ಷ ಮಾತ್ರ ಹಳ್ಳಗಳು ಹುಚ್ಚೆದ್ದು ಹರಿದವು. ಚಳ್ಳಕೆರೆಯ ಕುರಿಸಂತೆಯಿಂದ ನಮ್ಮ ತಾಲ್ಲೂಕಿನ ಸಿದ್ದಾಪುರದ ಕಡೆಗೆ ಹೊರಟಿದ್ದ ಟೆಂಪೊ ಒಂದು ಹಳ್ಳದ ತಗ್ಗು ಸೇತುವೆಯ ಮೇಲೆ ಸಿಕ್ಕಿಕೊಂಡಿತು. ಒಳಗೆ ಡ್ರೈವರು, ಆಂಧ್ರದ ಕಡೆಯ ಇಬ್ಬರು ಕುರಿ ವ್ಯಾಪಾರಿಗಳು, ಕುರಿ ಮಾರಲಾಗದೆ ಹಿಂದಕ್ಕೆ ತರುತ್ತಿದ್ದ ಪಾತಮ್ಮ ಎಂಬ ಮುದುಕಿ, ಮತ್ತು ಅವಳ ಕುರಿಗಳು. ದಡದಲ್ಲಿ ಬಂದೋಬಸ್ತಿಗೆ ಮಾರಣ್ಣ ಇದ್ದ. ಯಾರದೋ ಬಾವಿಯ ಹಗ್ಗ ಬಿಚ್ಚಿ ತಂದು ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದ. ಒಬ್ಬೊಬ್ಬರನ್ನೇ ದಾಟಿಸಿದ. ಪಾತಮ್ಮನ ಕಣ್ಣು ಪೊರೆ ಬಂದು ಮಂಜಾಗಿದ್ದವು. ಅವಳಿಗೆ ಕಾಣುತ್ತಿದ್ದದ್ದು ಕೆಂಪು ನೀರು ಮಾತ್ರ, ಕೇಳುತ್ತಿದ್ದದ್ದು ಒಂದು ದನಿ: ‘ಹಗ್ಗ ಬಿಡಬ್ಯಾಡ! ನನ್ ಕಡೀಗೆ ಬಾ! ಹಗ್ಗ ಬಿಡಬ್ಯಾಡ!’

ದಡ ಸೇರಿದ ಮುದುಕಿ ಕುರಿ ತರದಿದ್ದರೆ ತಾನು ವಾಪಸು ನೀರಿಗೆ ಹೋಗುತ್ತೇನೆಂದು ಹಟ ಹಿಡಿದಳು. ಮಾರಣ್ಣ ಮತ್ತೆ ಇಳಿದ. ಒಂದೊಂದನ್ನೇ ಹೆಗಲ ಮೇಲೆ ಹೊತ್ತು ತಂದ. ಒಂದು ಟಗರು ಅವನ ದವಡೆಗೆ ಗುದ್ದಿ ಹಲ್ಲೊಂದನ್ನು ಉದುರಿಸಿತು. ಆ ಟಗರಿನ ಮೇಲೂ ಅವನಿಗೆ ಸಿಟ್ಟು ಇನ್ನೂ ಇದೆ.

ಮಾರನೇ ದಿನ ನೀರಿಳಿದ ಮೇಲೆ ಓಂಕಾರಮೂರ್ತಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದರು, ಜೊತೆಗೆ ಕ್ಯಾಮೆರಾದವನು. ‘ಆ ಹಗ್ಗ ಸ್ವಲ್ಪ ಕೊಡಪ್ಪ’ ಎಂದರು. ನೋಡಲು ಕೇಳುತ್ತಿದ್ದಾರೆಂದುಕೊಂಡು ಮಾರಣ್ಣ ತಾನೇ ಅವರ ಕೈಗಿಟ್ಟ. ಅವರು ಹಗ್ಗ ಹೆಗಲಿಗೆ ಹಾಕಿ, ಮೊಣಕಾಲುದ್ದ ನೀರಿಗಿಳಿದು, ಒಂದು ಕುರಿಮರಿ ಅಪ್ಪಿಕೊಂಡು ನಿಂತರು. ಫೋಟೋ ಎಲ್ಲ ಕಡೆ ಹರಿದಾಡಿತು. ಅದರ ಹಿಂದೆಯೇ ಪದಕ ಬಂತು. ವ್ಯಾಪಾರಿಗಳು, ಡ್ರೈವರು ಎಲ್ಲೋ ಹೋದವರು. ಘಟಕದವರು ಬಾಯಿ ಬಿಡಲಿಲ್ಲ, ದುಡಿದ ದಿನಕ್ಕಷ್ಟೇ ಭತ್ಯೆ, ಯಾರಿಗೆ ಡ್ಯೂಟಿ ಹಾಕಬೇಕು ಎನ್ನುವುದು ಓಂಕಾರಮೂರ್ತಿಯವರ ಕೈಯಲ್ಲಿತ್ತು.

ಮಾರಣ್ಣ ಅದನ್ನೂ ನುಂಗುತ್ತಿದ್ದನೇನೋ. ಆದರೆ ಸಿದ್ದಾಪುರದಲ್ಲಿ ಓಂಕಾರಮೂರ್ತಿಯವರಿಗೆ ಸನ್ಮಾನ ಇಟ್ಟರು. ಪಾತಮ್ಮನನ್ನು ಕೈಹಿಡಿದು ತಂದು ‘ನಿನ್ನ ಜೀವ ಉಳಿಸಿದೋರು ಇವರೇ ಕಣಜ್ಜಿ’ ಎಂದು ತೋರಿಸಿದರು. ಮುದುಕಿ ಅವರ ಮುಖ ಸವರಿ, ನೆಟಿಗೆ ಮುರಿದು, ‘ನಾ ನಾಯನಾ, ನನ್ನಪ್ಪಾ, ನಿನ್ ಹೊಟ್ಟೆ ತಣ್ಣಗಿರ್ಲಿ’ ಎಂದು ಅತ್ತಳು. ಮಾರಣ್ಣ ಪಕ್ಕದಲ್ಲೇ ಲಾಠಿ ಅಡ್ಡ ಹಿಡಿದು ಜನರನ್ನು ಹಿಂದೆ ತಳ್ಳುತ್ತಿದ್ದ. ಒಂದು ಮಾತು ಆಡಿದ್ದರೆ ಮುದುಕಿ ದನಿ ಗುರುತು ಹಿಡಿಯುತ್ತಿದ್ದಳು. ಆಡಲಿಲ್ಲ.

‘ಯಾಕೆ ಸಾರ್?’ ಎಂದು ನಾನು ಒಮ್ಮೆ ಕೇಳಿದೆ.

‘ಅವತ್ತು ಅಂದಿದ್ರೆ, ಮಾರಣ್ಣಗೆ ಹೊಟ್ಟೆಕಿಚ್ಚು ಅಂತಿದ್ರು. ಎರಡು ದಿನ ನಗಾಡಿ ಮರೀತಿದ್ರು. ನನ್ ಹಲ್ಲು ಹೋಗೈತೆ, ನನ್ ಹೆಸರು ಹೋಗೈತೆ, ಆ ಮುದುಕಿ ಕೊಟ್ಟ ಆಶೀರ್ವಾದನೂ ಅವನ ತಲೆಮ್ಯಾಲೆ ಹೋಗೈತೆ. ಎರಡು ದಿನದ ನಗೆ ಸಾಲ್ತದೇನಲೇ ಅದಕ್ಕೆ?’

ಸನ್ಮಾನದಿಂದ ಬಂದವನು ಮಗ್ಗದ ಮುಂದೆ ಕೂತು, ಹರಿದಿದ್ದ ಎಳೆಯೊಂದನ್ನು ಗಂಟು ಹಾಕಿದನಂತೆ. ಆಮೇಲೆ ಮುದ್ದಕ್ಕನಿಗೆ ಹೇಳಿದ್ದು: ‘ಇನ್ಮ್ಯಾಲೆ ಅವನಿಗೆ ಇನ್ನೂ ಚೆನ್ನಾಗಿ ಕೂಗ್ತೀನಿ.’

ಹಾಗೇ ಮಾಡಿದ. ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯೋತ್ಸವಕ್ಕೆ, ಆಮೇಲೆ ಜಿಲ್ಲಾ ಮಟ್ಟದ ಕವಾಯತಿಗೂ. ‘ಜಿಲ್ಲೇಗೂ ನೀವೇ ನಿಂತ್ಕಳ್ರಿ ಸಾರ್, ನಾನಿಲ್ವೇನ್ರಿ’ ಎಂದು ಇವನೇ ಹುರಿದುಂಬಿಸಿದ. ಓಂಕಾರಮೂರ್ತಿಯವರ ದನಿ ದೊಡ್ಡದಾಗುತ್ತಾ ಹೋಯಿತು. ಫ್ಲೆಕ್ಸುಗಳಲ್ಲಿ ‘ಸಿಂಹಕಂಠ’ ಎಂದು ಹಾಕಿಸಿಕೊಂಡರು. ಬರಬರುತ್ತಾ ಅವರಿಗೇ ನಂಬಿಕೆ ಬಂದಿತ್ತೆಂದು ನನ್ನ ಗುಮಾನಿ. ಇಲ್ಲದಿದ್ದರೆ ನನಗೆ ಶುಂಠಿ ಯಾಕೆ ಹೇಳುತ್ತಿದ್ದರು?

‘ಬಕ್ರೀದ್‌ಗೆ ಟಗರು ಸಾಕ್ದಂಗೆ ಸಾಕ್ತಾ ಐತೆ ನಮ್ಮನೇದು’ ಎಂದು ಮುದ್ದಕ್ಕ ನನ್ನೆದುರೇ ಹಂಗಿಸುತ್ತಿದ್ದಳು. ‘ಕೊಯ್ಯೋ ಹೊತ್ತಿಗೆ ಇದಕ್ಕೇ ವಯಸ್ಸಾಗಿರ್ತೈತೆ.’

‘ನೀನು ಸುಮ್ಕಿರೇ. ಮುಂದಿನ ಪೆರೇಡ್ ಅಂತ ಇರೋವರೆಗೂ ಮಾಡಂಗಿಲ್ಲ. ಗಂಟ್ಲು ಕಟ್ಟಿತ್ತು ಅಂತ ತಪ್ಪಿಸ್ಕಂತಾನೆ. ಕೊನೇ ಪೆರೇಡ್ ಆಗ್ಬೇಕು. ಸರಿ ಮಾಡ್ಕಳಾಕೆ ಮುಂದಿನದು ಇರಬಾರ್ದು.’

ಆ ಕೊನೆಯದು ಹೋದ ವರ್ಷ ಬಂತು. ವಯಸ್ಸಾಯಿತೆಂದು ಓಂಕಾರಮೂರ್ತಿ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಯನ್ನು ತಮ್ಮ ಖರ್ಚಿನಲ್ಲೇ ಜೋರಾಗಿ ಇಟ್ಟುಕೊಂಡರು. ಮೈದಾನಕ್ಕೆ ಶಾಮಿಯಾನ, ಸಾಲು ಕುರ್ಚಿ, ಜಿಲ್ಲೆಯಿಂದ ಬಂದ ಅಧಿಕಾರಿ, ಬಳ್ಳಾರಿಯಿಂದ ಹೊಸ ಬೀಗರು. ಹೆಂಡತಿ ಗಂಗಾಂಬಿಕಾ ಮೊಳಕಾಲ್ಮೂರು ಸೀರೆಯನ್ನೇ ಉಟ್ಟಿದ್ದರು. ಮೊದಲ ಸಾಲಿನ ತುದಿಯಲ್ಲಿ ಪಾತಮ್ಮ ಕೂತಿದ್ದಳು. ಅವಳನ್ನು ಆಟೋ ಮಾಡಿ ಕರೆತಂದದ್ದು ಮಾರಣ್ಣ. ‘ಅಜ್ಜಿ ಬಂದು ಹರಸಿದ್ರೆ ಚೆಂದ ಅಲ್ವೇನ್ರಿ ಸಾರ್’ ಎಂದಿದ್ದ. ಓಂಕಾರಮೂರ್ತಿ ಸಂತೋಷದಿಂದ ಅವನ ಬೆನ್ನು ತಟ್ಟಿದ್ದರು. ದಾರಿಯುದ್ದಕ್ಕೂ ಆಟೋದಲ್ಲಿ ಇವನು ತುಟಿ ಬಿಚ್ಚಲಿಲ್ಲ. ಮುದುಕಿಯೊಡನೆ ಮಾತಾಡಲೆಂದು ನನ್ನನ್ನು ಕೂರಿಸಿದ್ದ. ‘ಈ ಗುಬ್ಬಚ್ಚಿ ಯಾರ್ದಪ್ಪಾ?’ ಎಂದಳು ಪಾತಮ್ಮ, ನನ್ನ ದನಿ ಕೇಳಿ.

ಅಂದು ಮಾರಣ್ಣ ಮೀಸೆ ಬೋಳಿಸಿಕೊಂಡು ಬಂದಿದ್ದ. ಮೇಲ್ದುಟಿ ಎಳೆ ಮಗುವಿನದರಂತೆ ಬೆಳ್ಳಗಿತ್ತು. ಎಲ್ಲರೂ ನಕ್ಕರು. ಯಾಕೆ ಬೋಳಿಸಿದನೆಂದು ಯಾರಿಗೂ ಹೊಳೆಯಲಿಲ್ಲ.

ನಾವು ಶಾಮಿಯಾನಕ್ಕೆ ಮುಖ ಮಾಡಿ ನಿಂತೆವು. ನಮ್ಮ ಮುಂದೆ ಮಾರಣ್ಣ. ಅವನಿಗೆ ಎದುರಾಗಿ, ಶಾಮಿಯಾನಕ್ಕೆ ಬೆನ್ನು ಹಾಕಿ ಓಂಕಾರಮೂರ್ತಿ. ಅವರು ಎದೆಯುಬ್ಬಿಸಿ ಬಾಯಿ ತೆರೆದರು.

ಏನೂ ಬರಲಿಲ್ಲ.

ತೆರೆದ ಬಾಯಿ ಹಾಗೇ ಇತ್ತು. ಹುಣಸೆಮರದ ಕಾಗೆಗಳು ಕಾದವು. ಓಂಕಾರಮೂರ್ತಿ ಬಾಯಿ ಮುಚ್ಚಿ, ಮಾರಣ್ಣನನ್ನು ನೋಡಿ, ಮತ್ತೆ ತೆರೆದರು. ಬೋಳು ತುಟಿಗಳು ಹೊಲಿದಂತೆ ಮುಚ್ಚಿದ್ದವು.

‘ಮಾರಣ್ಣ’ ಎಂದು ಪಿಸುಗುಟ್ಟಿದರು. ‘ಲೇ ಮಾರಣ್ಣ. ಏನಾತಲೇ?’

ಮಾರಣ್ಣ ನೇರ ನೋಡುತ್ತಿದ್ದ, ಅವರನ್ನು ತೂರಿಕೊಂಡು ಹೋಗುವ ಹಾಗೆ.

‘ಬೀಗರು ಬಂದಾರೋ. ಕೈ ಮುಗೀತೀನಿ.’

ಹಿಂದೆ ಕುರ್ಚಿಗಳು ಸರಿದಾಡಿದವು. ಬೇರೆ ದಾರಿಯಿಲ್ಲದೆ ಓಂಕಾರಮೂರ್ತಿ ತಮ್ಮ ಸ್ವಂತ ದನಿಯನ್ನು ಹೊರಗೆ ತಂದರು. ‘ಸಾವ್ದಾನ್’ ಎಂಬುದು ಹಾಲು ಸಿಗದ ಕರುವಿನ ಕೂಗಿನಂತೆ ಬಂತು. ಸತ್ಯ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಜಗತ್ತಿನಲ್ಲಿ ನನಗಿಂತ ಕೆಟ್ಟ ದನಿಯೊಂದು ಇತ್ತು, ಅದೂ ಶುಂಠಿ ತಿಂದದ್ದು. ಸಾವಧಾನಕ್ಕೆ ಬಂದೆವು. ಆಮೇಲೆ ಅವರಿಗೆ ನೆನಪಿದ್ದ ಇನ್ನೊಂದೇ ಪದವನ್ನು ಹೇಳಿದರು: ‘ತೇಜ್ ಚಲ್.’

ಅದರ ಅರ್ಥ ಮುಂದೆ ನಡೆಯಿರಿ ಎಂದು. ನಡೆದೆವು. ನಿಲ್ಲಿಸಲು ‘ಥಮ್’ ಎನ್ನಬೇಕು. ‘ಥಮ್ ಅನ್ನೋವರೆಗೂ ಬಾವಿ ಬಂದ್ರೂ ನಿಲ್ಲಂಗಿಲ್ಲ’ ಎಂದು ಮಾರಣ್ಣ ವರ್ಷಗಟ್ಟಲೆ ನಮ್ಮ ತಲೆಗೆ ತುಂಬಿದ್ದ. ಎಲ್ಲರಿಗಿಂತ ಮುಂದೆ ಅವನೇ ಇದ್ದ. ಕೈ ಬೀಸುತ್ತಾ, ತುಟಿ ಬಿಗಿದುಕೊಂಡು, ನೇರ ಓಂಕಾರಮೂರ್ತಿಯವರ ಮೇಲೆ ನಡೆದ.

ಅವರು ಹಿಂದೆ ಸರಿದರು. ‘ನಿಂತ್ಕಳ್ರೋ!’ ನಾವು ನಡೆದೆವು. ‘ಸಾಕ್ರಪ್ಪ! ಆತು! ಸ್ಟಾಪ್!’ ನಡೆದೆವು. ಅವರು ಹಿಮ್ಮುಖವಾಗಿ ಹೆಜ್ಜೆ ಇಡುತ್ತಾ, ಬೆತ್ತ ಬೀಳಿಸುತ್ತಾ, ಶಾಮಿಯಾನದೊಳಗೆ ಬಂದರು. ಹಿಂದೆ ಮೇಜು ಸಿಕ್ಕಿತು. ಮೇಜಿನ ಮೇಲೆ ಅವರಿಗೆ ಕೊಡಬೇಕಾಗಿದ್ದ ಸನ್ಮಾನದ ಹಣ್ಣಿನ ಬುಟ್ಟಿಯಿತ್ತು. ಅದರಲ್ಲೇ ಕುಸಿದು ಕೂತರು. ಮಾರಣ್ಣ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗುವವರೆಗೆ ಕಾದು ಬಾಯಿ ತೆರೆದ.

‘ಥಮ್!’

ಘಟಕಕ್ಕೆ ಘಟಕವೇ ಒಂದೇ ಸಪ್ಪಳದಲ್ಲಿ ನಿಂತಿತು. ಕಾಗೆಗಳು ಎದ್ದುಹೋದವು. ಶಾಮಿಯಾನದೊಳಗೆ ಎಲ್ಲರ ತಲೆ ಮಾರಣ್ಣನ ಕಡೆ ತಿರುಗಿತು. ಇಷ್ಟು ವರ್ಷ ಕೇಳಿದ ಸಿಂಹಕಂಠ ಯಾರ ಗಂಟಲಿನದು ಎನ್ನುವುದಕ್ಕೆ ವಿವರಣೆ ಬೇಕಿರಲಿಲ್ಲ.

ಆಗ ಮೊದಲ ಸಾಲಿನ ತುದಿಯಲ್ಲಿ ಪಾತಮ್ಮ ಎದ್ದು ನಿಂತಳು. ಕೈ ಗಾಳಿಯಲ್ಲಿ ತಡವುತ್ತಿತ್ತು.

‘ಯಾರಪ್ಪಾ ಅದು ಕೂಗಿದ್ದು? ಇನ್ನೊಂದ್ಸಲ ಕೂಗು ನಾಯನಾ.’

ಮಾರಣ್ಣ ತಿರುಗಿದ. ಈ ಸಲ ದನಿ ಸ್ವಲ್ಪ ಒಡೆದಿತ್ತು. ‘ಹಗ್ಗ ಬಿಡಬ್ಯಾಡ’ ಎಂದ. ‘ನನ್ ಕಡೀಗೆ ಬಾ.’

ಮುದುಕಿ ಆ ದನಿಯ ಕಡೆ ಕುರ್ಚಿಗಳನ್ನು ಎಡವುತ್ತಾ ನಡೆದು ಹೋಗಿ ಅವನ ಮುಖ ಸವರಿದಳು. ಬೋಳು ತುಟಿ, ಹಲ್ಲು ಹೋದ ದವಡೆ. ‘ಇವನು ಕಣ್ರೋ! ನೀರಾಗೆ ಇದ್ದೋನು ಇವನು! ಹಂಗಾರೆ ಅವತ್ತು ನಾನು ಯಾರ್ ಮುಖ ಸವರಿದೆ?’

ಜಿಲ್ಲೆಯ ಅಧಿಕಾರಿ ತಲೆ ತಗ್ಗಿಸಿ ಶೂ ನೋಡಿಕೊಂಡರು. ಬೀಗರು ಊಟಕ್ಕೆ ನಿಲ್ಲಲಿಲ್ಲ. ಓಂಕಾರಮೂರ್ತಿ ಬುಟ್ಟಿಯಿಂದ ಎದ್ದು, ಪ್ಯಾಂಟಿಗೆ ಮೆತ್ತಿದ ಬಾಳೆಹಣ್ಣಿನೊಂದಿಗೆ, ಯಾರನ್ನೂ ನೋಡದೆ ಕಾರಿಗೆ ಹೋದರು. ಗಂಗಾಂಬಿಕಾ ಮಾತ್ರ ಮಾರಣ್ಣನ ಮುಂದೆ ಬಂದು ನಿಂತು, ‘ನಮ್ಮನೀಗೆ ಬಂದು ನಾಲ್ಕು ಮಾತು ಬೈದು ಹೋಗಿದ್ರೆ ಆಗ್ತಿತ್ತಲ್ಲಪ್ಪ’ ಎಂದರು. ಅವರ ಕಣ್ಣು ತುಂಬಿದ್ದವು. ಮಾರಣ್ಣ ಅವರಿಗೆ ಸೆಲ್ಯೂಟ್ ಹೊಡೆದ.

ಪದಕ ಈಗಲೂ ಓಂಕಾರಮೂರ್ತಿಯವರ ಮನೆಯಲ್ಲೇ ಇದೆ. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಮಾರಣ್ಣನಿಗೆ ಯಾರೂ ಕೊಡಲಿಲ್ಲ. ಅವರು ಶೇಂಗಾ ಮಂಡಿಗೆ ಬರುವುದು ಕಡಿಮೆ ಮಾಡಿದ್ದಾರೆ. ಬಂದರೂ ದರ ಹೇಳುವುದು ಬೆರಳಿನಲ್ಲಿ ಎಂದು ಕೇಳಿದ್ದೇನೆ. ಪಾತಮ್ಮ ಮಾತ್ರ ಒಂದು ಕುರಿಮರಿ ತಂದು ಮಾರಣ್ಣನ ಅಂಗಳದಲ್ಲಿ ಕಟ್ಟಿಹೋದಳು. ಅದು ಆ ಟಗರಿನ ಸಂತಾನ ಎಂದು ತಿಳಿದ ಮೇಲೆ ಅವನು ಅದರ ಜೊತೆಗೂ ಮಾತು ಬಿಟ್ಟಿದ್ದಾನೆ. ಮೇವು ಹಾಕುವವಳು ಮುದ್ದಕ್ಕ.

ಮೊನ್ನೆ ಅವನ ಮನೆಗೆ ಹೋಗಿದ್ದೆ. ಗುಂಡಿಯಲ್ಲಿ ಕಾಲಿಳಿಸಿ ನೇಯುತ್ತಿದ್ದ. ಮೀಸೆ ಮತ್ತೆ ಬರುತ್ತಿತ್ತು. ಗಂಗಾಂಬಿಕಾ ಅವರ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಇಷ್ಟು ಹಗೆ ಒಂದೇ ಮೈಯಲ್ಲಿ ಹಿಡಿಯುತ್ತದೆಯೇ, ನೀರಿಗಿಳಿದ ಮಾರಣ್ಣನೂ ಈ ಮಾರಣ್ಣನೂ ಒಬ್ಬನೇ ಹೌದೇ ಎಂದು. ಕೇಳಬಾರದಾಗಿತ್ತು, ಕೇಳಿದೆ. ಮಗ್ಗದ ಸದ್ದಿನಲ್ಲಿ ನನ್ನ ದನಿ ಸತ್ತುಹೋಯಿತು. ಮುದ್ದಕ್ಕ ಒಳಗಿನಿಂದ ‘ಜೋರಾಗಿ ಕೇಳಪ್ಪ, ಗುಬ್ಬಚ್ಚಿ’ ಎಂದಳು. ಎದ್ದು ನಿಂತು ಅರಚಿದೆ:

‘ಸಾರ್! ಅವತ್ತು ಆ ಟೆಂಪೊದಾಗೆ ಓಂಕಾರಮೂರ್ತಿಯೋರೂ ಇದ್ದಿದ್ರೆ, ಎಳೀತಿದ್ರಾ?’

ಲಾಳಿ ನಿಂತಿತು. ಮಾರಣ್ಣ ಎಳೆಯೊಂದನ್ನು ಬೆರಳಿನಲ್ಲಿ ಸರಿಪಡಿಸಿದ.

‘ಎಳೀತಿದ್ದೆ’ ಎಂದ. ‘ಕುರಿ ಆದ್ಮ್ಯಾಲೆ.’